ವೇಗದ ಕಾರುಗಳ ಬ್ರೇಕ್ ಉನ್ನತೀಕರಣ

ಬ್ರೇಕ್ ಉನ್ನತೀಕರಣ ಎಂದರೆ ತಯಾರಕರು ಕಾರಿಗೆ ಅಳವಡಿಸಿದ ಬ್ರೇಕ್ ವ್ಯವಸ್ಥೆಯ ಕೆಲವು ಭಾಗಗಳನ್ನು ಅಥವಾ ಇಡೀ ವ್ಯವಸ್ಥೆಯನ್ನು ತೆಗೆದು, ಹೆಚ್ಚಿನ ಶಾಖವನ್ನು ತಾಳಬಲ್ಲ ಭಾಗಗಳನ್ನು ಜೋಡಿಸುವ ಕೆಲಸ. ರೇಸ್ ಪಥದಲ್ಲಿ ಓಡಿಸುವ ಕಾರುಗಳಲ್ಲಿ, ಎಂಜಿನ್ ಶಕ್ತಿಯನ್ನು ಹೆಚ್ಚಿಸಿಕೊಂಡ ಕಾರುಗಳಲ್ಲಿ ಹಾಗೂ ದೀರ್ಘ ಇಳಿಜಾರುಗಳಲ್ಲಿ ಓಡುವ ವಾಹನಗಳಲ್ಲಿ ಇದು ರೂಢಿಯಲ್ಲಿದೆ. ಬ್ರೇಕ್ ಆಯಿಲ್, ಪ್ಯಾಡ್, ಡಿಸ್ಕ್, ಕ್ಯಾಲಿಪರ್, ಒತ್ತಡದ ಕೊಳವೆ ಮತ್ತು ಗಾಳಿಯ ನಾಳ ಇವು ಸಾಮಾನ್ಯವಾಗಿ ಬದಲಾಗುವ ಭಾಗಗಳು.

ದೊಡ್ಡ ಬ್ರೇಕ್ ಹಾಕಿದರೆ ಕಾರು ಕಡಿಮೆ ದೂರದಲ್ಲಿ ನಿಲ್ಲುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸುಸ್ಥಿತಿಯಲ್ಲಿರುವ ಆಧುನಿಕ ಕಾರಿನ ಮಟ್ಟಿಗೆ, ಒಂದು ಬಾರಿಯ ನಿಲುಗಡೆಯಲ್ಲಿ ಇದು ನಿಜವಲ್ಲ. ಉನ್ನತೀಕರಣದ ಮುಖ್ಯ ಪ್ರಯೋಜನ ಮೊದಲ ನಿಲುಗಡೆಯಲ್ಲಿ ಕಾಣುವುದಿಲ್ಲ. ಹತ್ತನೆಯ ಅಥವಾ ಇಪ್ಪತ್ತನೆಯ ನಿಲುಗಡೆಯಲ್ಲಿ ಕಾಣುತ್ತದೆ.

ನಿಲುಗಡೆಯ ದೂರ ಮತ್ತು ಟಯರ್

ಕಾರನ್ನು ನಿಲ್ಲಿಸುವ ಬಲ ಅಂತಿಮವಾಗಿ ಹುಟ್ಟುವುದು ಟಯರ್ ಮತ್ತು ರಸ್ತೆಯ ನಡುವೆ. ಬ್ರೇಕ್ ಚಕ್ರದ ತಿರುಗುವಿಕೆಯನ್ನು ಮಾತ್ರ ತಡೆಯುತ್ತದೆ. ಪೆಡಲನ್ನು ಬಲವಾಗಿ ಒತ್ತಿದಾಗ ಚಕ್ರಗಳು ಲಾಕ್ ಆಗುತ್ತವೆ ಅಥವಾ ಎಬಿಎಸ್ ಕೆಲಸ ಆರಂಭಿಸುತ್ತದೆ ಎಂದರೆ, ಬ್ರೇಕ್‌ನ ಬಲ ಟಯರ್‌ನ ಹಿಡಿತವನ್ನು ಆಗಲೇ ಮೀರಿದೆ ಎಂದು ಅರ್ಥ. ಆ ಹಂತದಲ್ಲಿ ಬ್ರೇಕ್‌ನ ಬಲವನ್ನು ಇನ್ನೂ ಹೆಚ್ಚಿಸುವುದರಿಂದ ಲಾಭವಿಲ್ಲ.

ಟಯರ್ ಮತ್ತು ರಸ್ತೆಯ ನಡುವಿನ ಘರ್ಷಣಾಂಕ 1.0 ಎಂದು ಇಟ್ಟುಕೊಂಡರೆ, ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 39 ಮೀಟರ್ ಬೇಕು. ಈ ಲೆಕ್ಕದಲ್ಲಿ ಡಿಸ್ಕ್‌ನ ವ್ಯಾಸವಾಗಲಿ ಪಿಸ್ಟನ್‌ಗಳ ಸಂಖ್ಯೆಯಾಗಲಿ ಎಲ್ಲಿಯೂ ಬರುವುದಿಲ್ಲ. ದೂರವನ್ನು ಕಡಿಮೆ ಮಾಡಬೇಕಾದರೆ ಮೊದಲು ಬದಲಾಗಬೇಕಾದದ್ದು ಟಯರ್. ಸವೆದ ಟಯರ್‌ಗಳ ಮೇಲೆ ದುಬಾರಿ ಕ್ಯಾಲಿಪರ್ ಕೂರಿಸಿದ ಕಾರು, ಹೊಸ ಟಯರ್‌ಗಳುಳ್ಳ ಸಾಮಾನ್ಯ ಕಾರಿಗಿಂತ ಹೆಚ್ಚು ದೂರ ಸಾಗಿ ನಿಲ್ಲುವ ಸಾಧ್ಯತೆ ಇದೆ.

ಶಾಖದ ಲೆಕ್ಕ

ಬ್ರೇಕ್ ಮಾಡುವ ಕೆಲಸ ಚಲನಶಕ್ತಿಯನ್ನು ಶಾಖವಾಗಿ ಪರಿವರ್ತಿಸುವುದು. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 1500 ಕೆ.ಜಿ. ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 5.8 ಲಕ್ಷ ಜೂಲ್, 200 ಕಿ.ಮೀ. ವೇಗದಲ್ಲಿ ಅದು ಸುಮಾರು 23 ಲಕ್ಷ ಜೂಲ್. ವೇಗ ಎರಡರಷ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ.

ರೇಸ್ ಪಥದ ಉದ್ದನೆಯ ನೇರ ದಾರಿಯ ತುದಿಯಲ್ಲಿ ಇದೇ ಕಾರು 200 ಕಿ.ಮೀ. ವೇಗದಿಂದ 80 ಕಿ.ಮೀ. ವೇಗಕ್ಕೆ ಇಳಿಯುತ್ತದೆ ಎಂದುಕೊಳ್ಳೋಣ. ಗಾಳಿಯ ತಡೆಯನ್ನು ಬದಿಗಿಟ್ಟರೆ, ಸುಮಾರು 19 ಲಕ್ಷ ಜೂಲ್ ಶಕ್ತಿ ಶಾಖವಾಗಬೇಕು. ಅದರ ಶೇಕಡಾ 70ರಷ್ಟನ್ನು ಮುಂದಿನ ಎರಡು ಬ್ರೇಕ್‌ಗಳು ಹೊತ್ತರೆ, ಒಂದೊಂದು ಡಿಸ್ಕ್‌ನ ಪಾಲಿಗೆ ಸುಮಾರು 6.8 ಲಕ್ಷ ಜೂಲ್ ಬರುತ್ತದೆ. ಬೀಡುಕಬ್ಬಿಣದ ಡಿಸ್ಕ್‌ನ ತೂಕ 10 ಕೆ.ಜಿ. ಇದ್ದರೆ ಈ ಒಂದೇ ಬ್ರೇಕ್‌ನಲ್ಲಿ ಅದರ ಉಷ್ಣತೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ತೂಕ 12 ಕೆ.ಜಿ. ಇದ್ದರೆ ಏರಿಕೆ 125 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ತಣಿಯಲು ಸಮಯ ಸಿಗದೆ ಇಂತಹ ತಿರುವುಗಳು ಒಂದರ ಹಿಂದೊಂದು ಬಂದರೆ ಡಿಸ್ಕ್ 500–600 ಡಿಗ್ರಿಯನ್ನು ಮುಟ್ಟುವುದು ಅಸಹಜವಲ್ಲ. ದೊಡ್ಡ ಡಿಸ್ಕ್‌ನ ಅಗತ್ಯ ಇರುವುದು ಇಲ್ಲಿ. ಅದರಲ್ಲಿ ಲೋಹ ಹೆಚ್ಚು, ಗಾಳಿಗೆ ತೆರೆದ ಮೇಲ್ಮೈ ಹೆಚ್ಚು.

ಬ್ರೇಕ್ ಫೇಡ್

ಅತಿಯಾದ ಶಾಖದಿಂದ ಬ್ರೇಕ್‌ನ ಸಾಮರ್ಥ್ಯ ಕುಂದುವುದನ್ನು ಬ್ರೇಕ್ ಫೇಡ್ ಎನ್ನುತ್ತಾರೆ. ಇದರಲ್ಲಿ ಎರಡು ಮುಖ್ಯ ಬಗೆಗಳಿವೆ. ಚಾಲಕನ ಕಾಲಿಗೆ ಅವು ಬೇರೆ ಬೇರೆಯಾಗಿಯೇ ಅನುಭವಕ್ಕೆ ಬರುತ್ತವೆ.

ಮೊದಲನೆಯದು ಪ್ಯಾಡ್‌ಗೆ ಸಂಬಂಧಿಸಿದ್ದು. ಪ್ಯಾಡ್ ತನ್ನ ಉಷ್ಣತೆಯ ಮಿತಿಯನ್ನು ದಾಟಿದಾಗ ಘರ್ಷಣಾಂಕ ಕುಸಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಎಷ್ಟು ಒತ್ತಿದರೂ ಕಾರು ಮೊದಲಿನಂತೆ ನಿಧಾನವಾಗುವುದಿಲ್ಲ. ಹೊಸ ಪ್ಯಾಡ್‌ಗಳು ಮೊದಲ ಬಾರಿಗೆ ತೀವ್ರವಾಗಿ ಕಾದಾಗ ಅವುಗಳ ಅಂಟುದ್ರವ್ಯದಿಂದ ಅನಿಲ ಹೊರಬಂದು ಇದೇ ಪರಿಣಾಮವನ್ನು ಉಂಟುಮಾಡಬಲ್ಲದು.

ಎರಡನೆಯದು ಬ್ರೇಕ್ ಆಯಿಲ್ ಕುದಿಯುವುದು. ಇದು ಹೆಚ್ಚು ಅಪಾಯಕಾರಿ. ದ್ರವವನ್ನು ಸಂಕುಚಿಸಲು ಆಗುವುದಿಲ್ಲ ಎಂಬ ಗುಣವನ್ನೇ ನಂಬಿ ಹೈಡ್ರಾಲಿಕ್ ಬ್ರೇಕ್ ಕೆಲಸ ಮಾಡುತ್ತದೆ. ಕ್ಯಾಲಿಪರ್‌ನೊಳಗಿನ ಆಯಿಲ್ ಕುದಿದು ಆವಿಯ ಗುಳ್ಳೆಗಳು ಹುಟ್ಟಿದರೆ, ಪೆಡಲ್‌ನ ಚಲನೆಯೆಲ್ಲ ಆ ಗುಳ್ಳೆಗಳನ್ನು ಹಿಸುಕುವುದಕ್ಕೆ ವ್ಯಯವಾಗಿ ಪ್ಯಾಡ್‌ಗಳಿಗೆ ಒತ್ತಡ ತಲುಪುವುದಿಲ್ಲ. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೊನೆಗೆ ನೆಲ ಮುಟ್ಟುತ್ತದೆ. ಜೋರಾಗಿ ಓಡಿಸಿದ ಬಳಿಕ ಕಾರನ್ನು ಕೆಲ ನಿಮಿಷ ನಿಲ್ಲಿಸಿ ಮತ್ತೆ ಹೊರಡುವಾಗಲೂ ಇದು ಸಂಭವಿಸಬಹುದು. ಕಾರು ನಿಂತೊಡನೆ ಗಾಳಿಯ ಹರಿವು ನಿಲ್ಲುತ್ತದೆ. ಡಿಸ್ಕ್ ಮತ್ತು ಪ್ಯಾಡ್‌ಗಳಲ್ಲಿ ಸಂಗ್ರಹವಾಗಿದ್ದ ಶಾಖ ನಿಧಾನವಾಗಿ ಕ್ಯಾಲಿಪರ್‌ನೊಳಗೆ ಇಳಿಯುತ್ತದೆ. ರೇಸ್ ಪಥಗಳಲ್ಲಿ ಕೊನೆಯ ಸುತ್ತನ್ನು ಬ್ರೇಕ್ ಒತ್ತದೆ ನಿಧಾನವಾಗಿ ಪೂರೈಸುವ ಪದ್ಧತಿಗೆ ಇದೂ ಒಂದು ಕಾರಣ.

ಇತಿಹಾಸ

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕ್‌ಗೆ ಪೇಟೆಂಟ್ ಪಡೆದರೂ, ಮುಂದಿನ ಅರ್ಧ ಶತಮಾನ ಕಾರುಗಳಲ್ಲಿ ಡ್ರಮ್ ಬ್ರೇಕ್‌ಗಳೇ ಉಳಿದವು. ಡ್ರಮ್‌ನಲ್ಲಿ ಘರ್ಷಣೆ ನಡೆಯುವುದು ಒಳಮೈಯಲ್ಲಿ. ಆದ್ದರಿಂದ ಶಾಖ ಹೊರಹೋಗುವ ದಾರಿ ಕಿರಿದು. ಅಲ್ಲದೆ ಕಾದ ಡ್ರಮ್ ಹಿಗ್ಗಿ, ಒಳಗಿನ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ. ಡಿಸ್ಕ್‌ನ ಎರಡೂ ಮುಖಗಳು ಗಾಳಿಗೆ ತೆರೆದಿರುತ್ತವೆ. ಅದು ಕಾದು ಹಿಗ್ಗಿದರೆ ಪ್ಯಾಡ್‌ನ ಕಡೆಗೇ ಹಿಗ್ಗುತ್ತದೆ.

ಡನ್‌ಲಪ್ ಮತ್ತು ಜಾಗ್ವಾರ್ ಸಂಸ್ಥೆಗಳು ಒಟ್ಟಾಗಿ ಅಭಿವೃದ್ಧಿಪಡಿಸಿದ ಡಿಸ್ಕ್ ಬ್ರೇಕ್‌ಗಳಿದ್ದ ಸಿ-ಟೈಪ್ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ 1952ರಲ್ಲಿ ಫ್ರಾನ್ಸಿನ ರೀಮ್ಸ್ ಪಥದಲ್ಲಿ ಗೆದ್ದರು. 1953ರ ಲ ಮಾನ್ 24 ಗಂಟೆಗಳ ಸ್ಪರ್ಧೆಯಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಇಂತಹದೇ ಸಿ-ಟೈಪ್ ಕಾರಿನಲ್ಲಿ ಮೊದಲಿಗರಾದರು. ಆ ಸ್ಪರ್ಧೆಯ ಇತಿಹಾಸದಲ್ಲಿ ಗೆದ್ದವರ ಸರಾಸರಿ ವೇಗ ಗಂಟೆಗೆ 100 ಮೈಲಿಗಳನ್ನು ದಾಟಿದ್ದು ಅದೇ ಮೊದಲು. ಜಾಗ್ವಾರ್ ಕಾರುಗಳು ಪ್ರತಿಸ್ಪರ್ಧಿಗಳಿಗಿಂತ ತಡವಾಗಿ ಬ್ರೇಕ್ ಒತ್ತಬಲ್ಲವಾಗಿದ್ದವು, ಮತ್ತು ಇಡೀ ದಿನ ಹಾಗೆಯೇ ಒತ್ತಬಲ್ಲವಾಗಿದ್ದವು. ಡ್ರಮ್ ಬ್ರೇಕ್‌ಗಳನ್ನೇ ಉಳಿಸಿಕೊಂಡ ಮರ್ಸಿಡಿಸ್-ಬೆಂಜ್ 1955ರಲ್ಲಿ ತನ್ನ 300 ಎಸ್‌ಎಲ್‌ಆರ್ ಕಾರುಗಳ ಚಾಲಕನ ಬೆನ್ನ ಹಿಂದೆ, ಬೇಕಾದಾಗ ಮೇಲೇಳುವ ಲೋಹದ ಫಲಕವೊಂದನ್ನು ಗಾಳಿಯ ತಡೆಗಾಗಿ ಅಳವಡಿಸಿತ್ತು. ಡ್ರಮ್‌ಗಳ ಶಾಖದ ಸಮಸ್ಯೆ ಎಷ್ಟು ತೀವ್ರವಾಗಿತ್ತು ಎಂಬುದನ್ನು ಈ ಉಪಾಯವೇ ಹೇಳುತ್ತದೆ. ಅದೇ ವರ್ಷ ಬಿಡುಗಡೆಯಾದ ಸಿಟ್ರೊಯೆನ್ ಡಿಎಸ್, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹೊಂದಿ ದೊಡ್ಡ ಪ್ರಮಾಣದಲ್ಲಿ ತಯಾರಾದ ಕಾರು.

ಬ್ರೇಕ್ ಆಯಿಲ್ ಮತ್ತು ಕೊಳವೆಗಳು

ಅತ್ಯಂತ ಕಡಿಮೆ ವೆಚ್ಚದಲ್ಲಿ ಹೆಚ್ಚು ಸುರಕ್ಷತೆ ಒದಗಿಸುವ ಬದಲಾವಣೆ ಬ್ರೇಕ್ ಆಯಿಲ್‌ನದು. ಹೊರಗಿನಿಂದ ಕಾಣದ ಕಾರಣಕ್ಕೋ ಏನೋ, ಹೆಚ್ಚು ಕಡೆಗಣಿಸಲ್ಪಡುವುದೂ ಅದೇ. ಗ್ಲೈಕಾಲ್ ಆಧಾರಿತ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ, ಮತ್ತು ನೀರು ಸೇರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಹೀಗಾಗಿ ಮಾನದಂಡಗಳಲ್ಲಿ ಎರಡು ಕುದಿಬಿಂದುಗಳನ್ನು ನಿಗದಿಪಡಿಸಲಾಗಿದೆ: ಹೊಸ ಆಯಿಲ್‌ನದು ಒಂದು, ಶೇಕಡಾ 3.7ರಷ್ಟು ನೀರು ಸೇರಿದ ಆಯಿಲ್‌ನದು ಇನ್ನೊಂದು. ಡಾಟ್ 3 ವರ್ಗಕ್ಕೆ ಇವು ಕನಿಷ್ಠ 205 ಮತ್ತು 140 ಡಿಗ್ರಿ ಸೆಲ್ಸಿಯಸ್, ಡಾಟ್ 4 ವರ್ಗಕ್ಕೆ 230 ಮತ್ತು 155, ಡಾಟ್ 5.1 ವರ್ಗಕ್ಕೆ 260 ಮತ್ತು 180 ಡಿಗ್ರಿ. ಹಳೆಯ ಡಾಟ್ 4 ಆಯಿಲ್ ಹೊಸ ಡಾಟ್ 3 ಆಯಿಲ್‌ಗಿಂತ ಬೇಗ ಕುದಿಯಬಲ್ಲದು ಎಂಬುದನ್ನು ಈ ಅಂಕಿಗಳಿಂದಲೇ ತಿಳಿಯಬಹುದು. ಸ್ಪರ್ಧೆಗಳಿಗಾಗಿ ತಯಾರಿಸುವ ಆಯಿಲ್‌ಗಳ ಒಣ ಕುದಿಬಿಂದು 300 ಡಿಗ್ರಿಯನ್ನು ದಾಟುತ್ತದೆ, ಆದರೆ ಅವುಗಳನ್ನು ಪದೇ ಪದೇ ಬದಲಾಯಿಸಬೇಕು.

ಡಾಟ್ 5 ಎಂಬ ಹೆಸರು ಗೊಂದಲಕ್ಕೆ ಎಡೆಮಾಡುತ್ತದೆ. ಅದು ಸಿಲಿಕೋನ್ ಆಧಾರಿತ ದ್ರವ. ಉಳಿದ ಮೂರರ ಜೊತೆ ಬೆರೆಸುವಂತಿಲ್ಲ, ಎಬಿಎಸ್ ಇರುವ ಕಾರುಗಳಿಗೆ ಸಾಮಾನ್ಯವಾಗಿ ಯೋಗ್ಯವೂ ಅಲ್ಲ.

ರಬ್ಬರ್ ಕೊಳವೆಗಳ ಬದಲು ಸ್ಟೇನ್‌ಲೆಸ್ ಉಕ್ಕಿನ ಹೆಣಿಗೆಯ ಕೊಳವೆಗಳನ್ನು ಹಾಕಿದರೆ, ಒತ್ತಡದಲ್ಲಿ ಕೊಳವೆ ಉಬ್ಬುವುದು ಕಡಿಮೆಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಇದರಿಂದ ನಿಲುಗಡೆಯ ಸಾಮರ್ಥ್ಯ ಹೆಚ್ಚುವುದಿಲ್ಲ.

ಪ್ಯಾಡ್‌ಗಳು

ಪ್ಯಾಡ್‌ನ ಗುಣವನ್ನು ನಿರ್ಧರಿಸುವುದು ಅದು ಯಾವ ಉಷ್ಣತೆಯ ವ್ಯಾಪ್ತಿಯಲ್ಲಿ ಸ್ಥಿರವಾದ ಘರ್ಷಣೆಯನ್ನು ಒದಗಿಸುತ್ತದೆ ಎಂಬುದು. ದಿನಬಳಕೆಯ ಪ್ಯಾಡ್‌ಗಳು ತಣ್ಣಗಿರುವಾಗಲೇ ಚೆನ್ನಾಗಿ ಹಿಡಿಯುತ್ತವೆ, ಸದ್ದು ಮಾಡುವುದಿಲ್ಲ, ಡಿಸ್ಕನ್ನು ಹೆಚ್ಚು ಸವೆಸುವುದಿಲ್ಲ. ಆದರೆ ಬಹಳ ಕಾದಾಗ ಸೋಲುತ್ತವೆ. ಲೋಹದ ಅಂಶ ಹೆಚ್ಚಿರುವ ರೇಸ್ ಪ್ಯಾಡ್‌ಗಳು ಹೆಚ್ಚಿನ ಉಷ್ಣತೆಯಲ್ಲಿ ಸ್ಥಿರವಾಗಿರುತ್ತವೆ. ಇವುಗಳಲ್ಲಿ ಹಲವು ತಣ್ಣಗಿರುವಾಗ ಸರಿಯಾಗಿ ಹಿಡಿಯುವುದಿಲ್ಲ. ಬೆಳಗ್ಗೆ ಮನೆಯಿಂದ ಹೊರಟ ಕಾರಿಗೆ ಮೊದಲ ತಿರುವಿನಲ್ಲೇ ಮಗುವೊಂದು ಅಡ್ಡ ಬಂದರೆ, ರೇಸ್ ಪ್ಯಾಡ್ ಹಾಕಿದ ಕಾರು ಸಾಮಾನ್ಯ ಪ್ಯಾಡ್‌ನ ಕಾರಿಗಿಂತ ಹೆಚ್ಚು ದೂರ ಸಾಗಬಹುದು. ರಸ್ತೆಗೂ ಪಥಕ್ಕೂ ಒಂದೇ ಪ್ಯಾಡ್ ಸಾಕು ಎಂಬ ಮಾತನ್ನು ಈ ಕಾರಣಕ್ಕೆ ಎಚ್ಚರದಿಂದ ಸ್ವೀಕರಿಸಬೇಕಾಗುತ್ತದೆ.

ಹಲವು ಪ್ಯಾಡ್‌ಗಳ ಹಿಂಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರಗಳ ಸಂಕೇತ ಇರುತ್ತದೆ. ಮೊದಲನೆಯದು ಸಾಧಾರಣ ಉಷ್ಣತೆಯ ಘರ್ಷಣಾಂಕವನ್ನೂ ಎರಡನೆಯದು ಹೆಚ್ಚಿನ ಉಷ್ಣತೆಯ ಘರ್ಷಣಾಂಕವನ್ನೂ ಸೂಚಿಸುತ್ತದೆ. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55.

ಹೊಸ ಪ್ಯಾಡ್ ಮತ್ತು ಡಿಸ್ಕ್‌ಗಳನ್ನು ಕ್ರಮವಾಗಿ ಪಳಗಿಸುವುದು ಅಗತ್ಯ. ಖಾಲಿ ರಸ್ತೆಯಲ್ಲಿ ಅಥವಾ ಪಥದಲ್ಲಿ ಕಾರನ್ನು ಹಲವು ಬಾರಿ ವೇಗದಿಂದ ನಿಧಾನಗತಿಗೆ ಇಳಿಸಿ, ಪೂರ್ತಿ ನಿಲ್ಲಿಸದೆ, ಬಳಿಕ ಬ್ರೇಕ್ ಒತ್ತದೆ ಓಡಿಸಿ ತಣಿಸಲಾಗುತ್ತದೆ. ಹೀಗೆ ಮಾಡಿದಾಗ ಪ್ಯಾಡ್‌ನ ದ್ರವ್ಯದ ತೆಳುವಾದ, ಸಮನಾದ ಪದರ ಡಿಸ್ಕ್‌ನ ಮೇಲೆ ಕೂರುತ್ತದೆ. ಕಾದ ಬ್ರೇಕನ್ನು ಒತ್ತಿ ಹಿಡಿದು ನಿಂತರೆ ಆ ಪದರ ಒಂದೆಡೆ ದಪ್ಪವಾಗುತ್ತದೆ, ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತದೆ. "ಡಿಸ್ಕ್ ಬಾಗಿದೆ" ಎಂದು ಗ್ಯಾರೇಜುಗಳಲ್ಲಿ ಹೇಳುವ ದೋಷಗಳಲ್ಲಿ ಬಹುಪಾಲು ನಿಜವಾಗಿ ಇಂತಹ ಅಸಮ ಪದರದಿಂದ ಉಂಟಾದವು.

ಡಿಸ್ಕ್‌ಗಳು

ವೇಗದ ಕಾರುಗಳ ಮುಂದಿನ ಡಿಸ್ಕ್‌ಗಳು ಎರಡು ಮುಖಗಳ ನಡುವೆ ಟೊಳ್ಳಾಗಿದ್ದು ಒಳಗೆ ರೆಕ್ಕೆಗಳನ್ನು ಹೊಂದಿರುತ್ತವೆ. ಡಿಸ್ಕ್ ತಿರುಗುವಾಗ ಗಾಳಿ ನಡುವಿನಿಂದ ಒಳಬಂದು ಅಂಚಿನಿಂದ ಹೊರಹೋಗುತ್ತದೆ. ರೆಕ್ಕೆಗಳು ಬಾಗಿದ್ದರೆ ಎಡ ಮತ್ತು ಬಲ ಡಿಸ್ಕ್‌ಗಳು ಬೇರೆ ಬೇರೆ. ಯಾವುದು ಯಾವ ಬದಿಗೆ ಎಂಬುದನ್ನು ಹೊರಮೈಯ ಗೀರುಗಳನ್ನು ನೋಡಿ ಅಲ್ಲ, ಒಳಗಿನ ರೆಕ್ಕೆಗಳನ್ನು ನೋಡಿ ತೀರ್ಮಾನಿಸಬೇಕು. ರೆಕ್ಕೆಗಳು ತಿರುಗುವ ದಿಕ್ಕಿಗೆ ಹಿಮ್ಮುಖವಾಗಿ ಬಾಗಿರಬೇಕು. ಇದನ್ನು ಅದಲುಬದಲು ಮಾಡಿ ಜೋಡಿಸುವುದು ಸಾಮಾನ್ಯವಾಗಿ ಕಂಡುಬರುವ ತಪ್ಪು.

ರಂಧ್ರಗಳಿರುವ ಡಿಸ್ಕ್‌ಗಳು ನೋಟಕ್ಕೆ ಆಕರ್ಷಕ. ಹಳೆಯ ಪ್ಯಾಡ್‌ಗಳು ಹೊರಸೂಸುತ್ತಿದ್ದ ಅನಿಲಕ್ಕೆ ದಾರಿ ಕೊಡುವುದು ಅವುಗಳ ಒಂದು ಉದ್ದೇಶವಾಗಿತ್ತು. ಮಳೆಯಲ್ಲಿ ನೀರಿನ ಪದರವನ್ನು ಒಡೆಯುವುದಕ್ಕೂ ಅವು ಸಹಕಾರಿ. ಆದರೆ ಪದೇ ಪದೇ ಕಾದು ತಣಿಯುವಾಗ ರಂಧ್ರಗಳ ಅಂಚಿನಿಂದಲೇ ಬಿರುಕುಗಳು ಆರಂಭವಾಗುತ್ತವೆ. ಪಥದಲ್ಲಿ ಹೆಚ್ಚು ಓಡುವ ಬೀಡುಕಬ್ಬಿಣದ ಡಿಸ್ಕ್‌ಗಳಿಗೆ ಗೀರುಗಳು ಅಥವಾ ಸಾದಾ ಮೇಲ್ಮೈ ಹೆಚ್ಚು ಬಾಳಿಕೆ ನೀಡುತ್ತವೆ. ಎರಡು ತುಂಡಿನ ಡಿಸ್ಕ್‌ಗಳಲ್ಲಿ ಘರ್ಷಣೆಯ ಉಂಗುರ ಬೀಡುಕಬ್ಬಿಣದ್ದು, ನಡುವಿನ ಭಾಗ ಅಲ್ಯೂಮಿನಿಯಂನದು. ತೂಕ ಇಳಿಯುವುದರ ಜೊತೆಗೆ ಕಾದ ಉಂಗುರ ವಿರೂಪಗೊಳ್ಳದೆ ಹಿಗ್ಗಲು ಅವಕಾಶ ಸಿಗುತ್ತದೆ.

ಕಾರ್ಬನ್-ಸೆರಾಮಿಕ್ ಡಿಸ್ಕ್‌ಗಳು ಬೀಡುಕಬ್ಬಿಣದವಕ್ಕಿಂತ ಸುಮಾರು ಅರ್ಧದಷ್ಟು ಹಗುರ. ಪೋರ್ಷೆ ಸಂಸ್ಥೆ ಇವನ್ನು ಈ ಶತಮಾನದ ಆರಂಭದಲ್ಲಿ 911 ಕಾರುಗಳಲ್ಲಿ ಪರಿಚಯಿಸಿತು. ಬೆಲೆ ಬಹಳ ಹೆಚ್ಚು. ಚಕ್ರ ಬಿಚ್ಚುವಾಗ ಅಂಚಿಗೆ ಏಟು ಬಿದ್ದರೆ ಚಕ್ಕೆ ಏಳಬಹುದು. ಫಾರ್ಮುಲಾ ಒನ್ ಕಾರುಗಳ ಕಾರ್ಬನ್-ಕಾರ್ಬನ್ ಡಿಸ್ಕ್‌ಗಳು ಬೇರೆಯೇ ವಸ್ತು; ನೂರಾರು ಡಿಗ್ರಿ ಕಾಯದೆ ಅವು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ರಸ್ತೆಗೆ ತಕ್ಕವಲ್ಲ.

ಕ್ಯಾಲಿಪರ್ ಮತ್ತು ಪೆಡಲ್‌ನ ಸಂಬಂಧ

ಕ್ಯಾಲಿಪರ್‌ನ ಬಲವನ್ನು ಪಿಸ್ಟನ್‌ಗಳ ಸಂಖ್ಯೆಯಿಂದ ಅಳೆಯುವುದು ತಪ್ಪು. ಒತ್ತುವ ಬಲ ಪಿಸ್ಟನ್‌ಗಳ ವಿಸ್ತೀರ್ಣವನ್ನು ಅವಲಂಬಿಸಿದೆ. ಒಂದು ಬದಿಗೆ ಮಾತ್ರ ಪಿಸ್ಟನ್ ಇರುವ ತೇಲುವ ಕ್ಯಾಲಿಪರನ್ನು ಎರಡೂ ಬದಿಗೆ ಪಿಸ್ಟನ್ ಇರುವ ಸ್ಥಿರ ಕ್ಯಾಲಿಪರ್‌ನೊಂದಿಗೆ ಹೋಲಿಸುವಾಗ, ಎರಡನೆಯದರ ಒಂದು ಬದಿಯ ವಿಸ್ತೀರ್ಣವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 57 ಮಿ.ಮೀ. ವ್ಯಾಸದ ಒಂದೇ ಪಿಸ್ಟನ್‌ನ ವಿಸ್ತೀರ್ಣ ಸುಮಾರು 25.5 ಚದರ ಸೆಂ.ಮೀ.; ಒಂದೊಂದು ಬದಿಗೆ 38 ಮತ್ತು 42 ಮಿ.ಮೀ. ಪಿಸ್ಟನ್‌ಗಳಿರುವ ನಾಲ್ಕು ಪಿಸ್ಟನ್ ಕ್ಯಾಲಿಪರ್‌ನ ವಿಸ್ತೀರ್ಣ ಸುಮಾರು 25.2. ಎರಡೂ ಹೆಚ್ಚುಕಡಿಮೆ ಸಮಬಲದವು. ಸ್ಥಿರ ಕ್ಯಾಲಿಪರ್‌ನ ಲಾಭ ಇರುವುದು ಅದರ ಬಿಗಿತದಲ್ಲಿ, ಉದ್ದನೆಯ ಪ್ಯಾಡ್‌ನ ಮೇಲೆ ಒತ್ತಡ ಸಮನಾಗಿ ಹರಡುವುದರಲ್ಲಿ.

ಪಿಸ್ಟನ್ ವಿಸ್ತೀರ್ಣವನ್ನು ಬಹಳ ಹೆಚ್ಚಿಸಿದರೆ ಬೇರೊಂದು ತೊಂದರೆ ಎದುರಾಗುತ್ತದೆ. ಪ್ಯಾಡನ್ನು ಅಷ್ಟೇ ದೂರ ಸರಿಸಲು ಹೆಚ್ಚು ಆಯಿಲ್ ಬೇಕು, ಆದರೆ ಮಾಸ್ಟರ್ ಸಿಲಿಂಡರ್ ಹಳೆಯದೇ. ಆಗ ಪೆಡಲ್ ಹೆಚ್ಚು ಆಳಕ್ಕೆ ಇಳಿಯುತ್ತದೆ. ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಪೆಡಲ್ ಮೇಲೇರುತ್ತದೆ, ಆದರೆ ಕಾಲಿನ ಶ್ರಮ ಹೆಚ್ಚುತ್ತದೆ.

ಮುಂದು ಮತ್ತು ಹಿಂದಿನ ಸಮತೋಲನ

ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ನಿಂತಾಗ ಭಾರವನ್ನು ಎರಡು ಅಚ್ಚುಗಳ ಮೇಲೆ ಸಮನಾಗಿ ಹೊತ್ತಿರುವ, ಅಚ್ಚುಗಳ ಅಂತರ 2.7 ಮೀಟರ್ ಮತ್ತು ಗುರುತ್ವ ಕೇಂದ್ರದ ಎತ್ತರ ಅರ್ಧ ಮೀಟರ್ ಇರುವ ಕಾರಿನಲ್ಲಿ, ಘರ್ಷಣಾಂಕ 1.0ರ ತೀವ್ರ ಬ್ರೇಕ್‌ನ ವೇಳೆ ಭಾರ ಹಂಚಿಕೆ ಸುಮಾರು 68:32 ಆಗುತ್ತದೆ. ತಯಾರಕರು ಬ್ರೇಕ್ ಬಲವನ್ನು ಈ ಹಂಚಿಕೆಗೆ ಹೊಂದಿಸಿರುತ್ತಾರೆ. ಮುಂದಿನ ಬ್ರೇಕ್ ಮಾತ್ರ ಬಹಳ ಬಲಗೊಂಡರೆ ಮುಂದಿನ ಟಯರ್‌ಗಳು ಬೇಗ ಮಿತಿ ತಲುಪಿ, ಹಿಂದಿನ ಟಯರ್‌ಗಳ ಹಿಡಿತ ಬಳಕೆಯಾಗದೆ ಉಳಿಯುತ್ತದೆ. ನಿಲುಗಡೆಯ ದೂರ ಹೆಚ್ಚುತ್ತದೆ. ಹಿಂದಿನ ಬ್ರೇಕ್ ಅತಿಯಾದರೆ ಹಿಂದಿನ ಚಕ್ರಗಳು ಮೊದಲು ಜಾರಿ ಕಾರು ಗಿರಕಿ ಹೊಡೆಯಬಹುದು. ಹಣ ಸುರಿದು ನಿಲುಗಡೆಯ ದೂರವನ್ನು ಹೆಚ್ಚಿಸಿಕೊಂಡಂತಾಗುವ ಈ ಪರಿಣಾಮ, ಲೆಕ್ಕ ಹಾಕದೆ ಮುಂದಿನ ಚಕ್ರಗಳಿಗೆ ಮಾತ್ರ ದೊಡ್ಡ ಬ್ರೇಕ್ ಕೊಂಡವರಿಗೆ ಎದುರಾಗುತ್ತದೆ. ಎಬಿಎಸ್ ಘಟಕವೂ ಮೂಲ ಬ್ರೇಕ್‌ಗಳಿಗೆ ಹೊಂದಿಸಿದ್ದೇ ಆಗಿರುತ್ತದೆ.

ಒಂದು ಉದಾಹರಣೆ

ಬಿಎಂಡಬ್ಲ್ಯು ಸಂಸ್ಥೆಯ ಇ46 ಪೀಳಿಗೆಯ ಎಂ3 ಕಾರು 2000ದಲ್ಲಿ ಹೊರಬಂದಿತು. 343 ಅಶ್ವಶಕ್ತಿಯ ಈ ಕಾರಿನ ಮುಂದಿನ ಡಿಸ್ಕ್ 325 ಮಿ.ಮೀ., ಹಿಂದಿನದು 328 ಮಿ.ಮೀ. ಹಿಂದಿನ ಡಿಸ್ಕ್‌ನ ವ್ಯಾಸವೇ ತುಸು ಹೆಚ್ಚು. ಆದರೆ ಮುಂದಿನದರ ದಪ್ಪ 28 ಮಿ.ಮೀ., ಹಿಂದಿನದರ ದಪ್ಪ 20 ಮಿ.ಮೀ.; ಶಾಖ ಹೊರುವ ಲೋಹ ಮುಂದೆ ಹೆಚ್ಚಿದೆ. 2003ರ ಸೀಮಿತ ಆವೃತ್ತಿ ಸಿಎಸ್‌ಎಲ್ ಸುಮಾರು 110 ಕೆ.ಜಿ. ಹಗುರವಾಗಿತ್ತು. ಹಗುರವಾದ ಕಾರಿಗೆ ಚಿಕ್ಕ ಬ್ರೇಕ್ ಸಾಕೆನ್ನಿಸಬಹುದು. ತಯಾರಕರು ಮಾಡಿದ್ದು ತದ್ವಿರುದ್ಧ. ಕಾರು ರೇಸ್ ಪಥಕ್ಕೆ ಹೋಗುವುದೆಂದು ಮುಂದಿನ ಡಿಸ್ಕನ್ನು 345 ಮಿ.ಮೀ.ಗೆ ಏರಿಸಿದರು, ಒಂದೇ ಪಿಸ್ಟನ್‌ನ ತೇಲುವ ಬಗೆಯ ಕ್ಯಾಲಿಪರನ್ನು ಹಾಗೆಯೇ ಉಳಿಸಿಕೊಂಡರು. ತ್ರಿಜ್ಯದಲ್ಲಿ 10 ಮಿ.ಮೀ. ಹೆಚ್ಚಳದಿಂದ ಅದೇ ಪೆಡಲ್ ಒತ್ತಡಕ್ಕೆ ಮುಂದಿನ ಬ್ರೇಕ್‌ನ ತಿರುಗುಬಲ ಹೆಚ್ಚುವುದು ಅಂದಾಜು ಶೇಕಡಾ 7 ಮಾತ್ರ, ಆದ್ದರಿಂದ ಸಮತೋಲನಕ್ಕೆ ಹೆಚ್ಚಿನ ಧಕ್ಕೆಯಿಲ್ಲ. ಈ ಡಿಸ್ಕನ್ನು ಸಾಮಾನ್ಯ ಎಂ3 ಕಾರಿಗೆ ಅಳವಡಿಸಿಕೊಳ್ಳುವುದು ಆ ಕಾರಿನ ಮಾಲೀಕರಲ್ಲಿ ಜನಪ್ರಿಯ ಬದಲಾವಣೆ. ಒಳ್ಳೆಯ ಪ್ಯಾಡ್ ಮತ್ತು ಆಯಿಲ್ ಜೊತೆಗಿದ್ದರೆ ಹಲವರಿಗೆ ಅಷ್ಟೇ ಸಾಕಾಗುತ್ತದೆ.

ಯಾವ ಭಾಗ ಸೋಲುತ್ತಿದೆ ಎಂದು ಕೊಳ್ಳುವ ಮೊದಲೇ ತಿಳಿಯಲು ಸರಳ ಉಪಾಯಗಳಿವೆ. ಡಿಸ್ಕ್‌ನ ಅಂಚಿಗೆ ಹಚ್ಚುವ ಉಷ್ಣಸೂಚಕ ಬಣ್ಣ ಹಾಗೂ ಕ್ಯಾಲಿಪರ್‌ಗೆ ಅಂಟಿಸುವ ಪಟ್ಟಿಗಳು, ತಲುಪಿದ ಗರಿಷ್ಠ ಉಷ್ಣತೆಯನ್ನು ಬಣ್ಣ ಬದಲಾಯಿಸಿ ತೋರಿಸುತ್ತವೆ.

ಭಾರತದಲ್ಲಿ

ಭಾರತದಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಹಾಗೂ ಗ್ರೇಟರ್ ನೋಯ್ಡಾದ ಬುದ್ಧ ಅಂತರರಾಷ್ಟ್ರೀಯ ಪಥಗಳು ಬ್ರೇಕ್‌ಗಳನ್ನು ತೀವ್ರವಾಗಿ ದುಡಿಸುವ ಸ್ಥಳಗಳು. ಬುದ್ಧ ಪಥದ ಒಂದು ನೇರ ದಾರಿ ಒಂದು ಕಿಲೋಮೀಟರ್‌ಗಿಂತ ಉದ್ದವಾಗಿದ್ದು ಅದರ ತುದಿಯಲ್ಲಿ ತೀವ್ರ ಬ್ರೇಕ್ ಅನಿವಾರ್ಯ.

ರಸ್ತೆಯಲ್ಲಿ ಇದೇ ಭೌತಶಾಸ್ತ್ರ ಘಟ್ಟದ ಇಳಿಜಾರುಗಳಲ್ಲಿ ಎದುರಾಗುತ್ತದೆ. 1500 ಕೆ.ಜಿ.ಯ ಕಾರು 500 ಮೀಟರ್ ಎತ್ತರವನ್ನು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 73 ಲಕ್ಷ ಜೂಲ್, ಅಂದರೆ ಗಂಟೆಗೆ 200 ಕಿ.ಮೀ. ವೇಗದಿಂದ ಮೂರು ಬಾರಿ ಪೂರ್ತಿ ನಿಲ್ಲುವುದಕ್ಕಿಂತ ಹೆಚ್ಚು. ಇದರಲ್ಲಿ ಒಂದು ಪಾಲು ಗಾಳಿ ಮತ್ತು ಟಯರ್‌ಗಳ ತಡೆಗೆ ಹೋದರೂ, ಉಳಿದುದನ್ನು ಬ್ರೇಕ್ ಅಥವಾ ಎಂಜಿನ್ ಹೊರಬೇಕು. ವೇಗ ಕಡಿಮೆ ಇರುವುದರಿಂದ ತಣಿಸುವ ಗಾಳಿಯೂ ಕಡಿಮೆ. ಆಗುಂಬೆ ಅಥವಾ ಚಾರ್ಮಾಡಿಯ ತಿರುವುಗಳಲ್ಲಿ ಬ್ರೇಕನ್ನು ಒತ್ತಿ ಹಿಡಿದೇ ಇಳಿಯುವ ವಾಹನಗಳಿಂದ ಬರುವ ಸುಟ್ಟ ವಾಸನೆ ಕಾದ ಪ್ಯಾಡ್‌ನದು. ಇಲ್ಲಿ ಪರಿಹಾರ ದೊಡ್ಡ ಡಿಸ್ಕ್ ಅಲ್ಲ. ಹತ್ತುವಾಗ ಬಳಸುವ ಕೆಳಗಿನ ಗೇರನ್ನೇ ಇಳಿಯುವಾಗಲೂ ಬಳಸುವುದು.

ಮೋಟಾರು ವಾಹನಗಳ ಅಧಿನಿಯಮ 1988ರ 52ನೆಯ ಕಲಂ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಕಾರುಗಳಲ್ಲಿ ಎಬಿಎಸ್ ಅಳವಡಿಕೆ ಹೊಸ ಮಾದರಿಗಳಿಗೆ 2018ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಕಡ್ಡಾಯವಾಯಿತು.

ಕರಾವಳಿ ಮತ್ತು ಮಲೆನಾಡಿನಂತಹ ತೇವ ಹೆಚ್ಚಿರುವ ಪ್ರದೇಶಗಳಲ್ಲಿ ಬ್ರೇಕ್ ಆಯಿಲ್ ನೀರನ್ನು ಬೇಗ ಹೀರಿಕೊಳ್ಳುತ್ತದೆ. ಹಲವು ತಯಾರಕರು ಎರಡು ವರ್ಷಗಳಿಗೊಮ್ಮೆ ಆಯಿಲ್ ಬದಲಾಯಿಸಲು ಸೂಚಿಸುತ್ತಾರೆ. ಪಥದಲ್ಲಿ ಓಡುವ ಕಾರುಗಳಲ್ಲಿ ಈ ಅವಧಿ ಕೆಲವು ತಿಂಗಳುಗಳಿಗೆ ಇಳಿಯುತ್ತದೆ.